ಆನೆಯ ಇನ್ನೊಂದು ಮಗ್ಗುಲು

ನಮ್ಮ ಮನೆಯಲ್ಲಿ ಅರ್ಧ ಆನೆ ಇತ್ತು. ಬೆಳಗಾವಿಯ ಶಿವಬಸವ ನಗರದ ಮನೆಯ ಅಡುಗೆಕೋಣೆಯಲ್ಲಿ, ಹಿಟ್ಟಿನ ಡಬ್ಬಿಗಳ ಹಿಂದೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಸಾಗವಾನಿಯ ಅಚ್ಚು ಅದು. ಅಂಗೈಗಿಂತ ತುಸು ದೊಡ್ಡದಾದ ಹಲಗೆ. ಅದರಲ್ಲಿ ಆನೆಯ ಒಂದು ಮಗ್ಗುಲನ್ನು ತಗ್ಗಾಗಿ ಕೆತ್ತಿದ್ದರು: ಎತ್ತಿದ ಸೊಂಡಿಲು, ಬೆನ್ನ ಮೇಲೆ ಅಂಬಾರಿ, ಕಾಲಿಗೆ ಗೆಜ್ಜೆ. ಇದರ ಜೋಡಿ ಹಲಗೆ ಖಾನಾಪುರದಲ್ಲಿ, ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಮನೆಯಲ್ಲಿತ್ತು. ಎರಡನ್ನೂ ಎದುರುಬದುರು ಮುಚ್ಚಿ, ದಾರ ಬಿಗಿದು, ಕೆಳಗಿನ ತೂತಿನಿಂದ ಸಕ್ಕರೆ ಪಾಕ ಸುರಿದರೆ ಮಾತ್ರ, ದೀಪಾವಳಿಯ ಬೆನ್ನಿಗೆ ಬರುವ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಬೆಳಗುವ ಸಕ್ಕರೆ ಆರತಿಗೆ ಆನೆ ಬರುತ್ತಿತ್ತು. ಒಂದೇ ಹಲಗೆಯನ್ನು ಇಟ್ಟುಕೊಂಡು ಏನೂ ಮಾಡಲು ಬರುವುದಿಲ್ಲ. ಆದರೂ ಅವ್ವ ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ, ಎಣ್ಣೆ ಸವರಿ, ಮತ್ತೆ ಸುತ್ತಿಡುತ್ತಿದ್ದಳು.

ಅದು ಹೀಗೆ ಎರಡಾದದ್ದು ಖಾನಾಪುರದ ಮನೆ ಹಿಸ್ಸೆಯಾದ ದಿನ. ನಾನಾಗ ಇನ್ನೂ ಕನ್ನಡ ಸಾಲಿಯ ಕೆಳಗಿನ ತರಗತಿಯಲ್ಲಿದ್ದೆ. ಅಪ್ಪ ಮತ್ತು ದೊಡ್ಡಪ್ಪ ಪಡಸಾಲೆಯಲ್ಲಿ ಎದುರುಬದುರು ಕುಳಿತಿದ್ದರು. ಹಂಡೆ, ಕೊಡ, ಕಡಾಯಿಗಳು ಎರಡು ಗುಂಪಾದವು. ಕೊನೆಗೆ ಅಜ್ಜಿಯ ತವರಿನಿಂದ ಬಂದ ಆನೆಯ ಅಚ್ಚು ಉಳಿಯಿತು. ನನಗಿರಲಿ ಎಂದು ಅವ್ವ, ನನಗಿರಲಿ ಎಂದು ದೊಡ್ಡವ್ವ. ಹಿಸ್ಸೆ ಮಾಡಿಸಲು ಬಂದಿದ್ದ ಹಿರಿಯರೊಬ್ಬರು ಬೇಸತ್ತು, "ಹಲಗಿ ಎರಡು ಅದಾವಲ್ಲ, ಒಬ್ಬಾಕಿಗೆ ಒಂದೊಂದು ತಗೋರ್ರಿ" ಎಂದರು. ಅವರು ಅಂದದ್ದು ಚೇಷ್ಟೆಗೆ. ಇವರಿಬ್ಬರೂ ಎದ್ದು ಬಂದು ಒಂದೊಂದು ಹಲಗೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಬೀಸುವ ಕಲ್ಲನ್ನು ಹೀಗೆ ಹಂಚಿಕೊಳ್ಳಲಿಲ್ಲವಲ್ಲ, ಅದೇ ಪುಣ್ಯ.

ನಾವು ಬೆಳಗಾವಿಗೆ ಬಂದೆವು. ಜಗಳವಾಡಿದ ಅಣ್ಣತಮ್ಮಂದಿರು ಆಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಟ್ಟಿಗೆ ಚಹಾ ಕುಡಿಯುವಷ್ಟು ಸರಿಹೋಗಿ, ಒಬ್ಬರ ಹಿಂದೊಬ್ಬರು ತೀರಿಯೂ ಹೋದರು. ಜಗಳ ಮಾತ್ರ ಹೆಂಡಿರ ಕೈಯಲ್ಲಿ ಉಳಿಯಿತು. ಅವ್ವನ ಬಾಯಲ್ಲಿ ದೊಡ್ಡವ್ವನಿಗೆ ಹೆಸರೂ ಇರಲಿಲ್ಲ, ವರಸೆಯೂ ಇರಲಿಲ್ಲ. ಬರೀ "ಆಕಿ". ದೊಡ್ಡಪ್ಪ ಹೋದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಅತ್ತರು, ಅತ್ತು ಮುಗಿಸಿ ಒಂದು ಮಾತೂ ಆಡದೆ ಎದ್ದರು. ನಾನು ಅದನ್ನು ನೋಡಿದ್ದೇನೆ. ಆಗಿನಿಂದ ನನಗೆ ಇಬ್ಬರ ಮೇಲೂ ಸಿಟ್ಟಿತ್ತು.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿರಬೇಕು. ನನ್ನ ತಮ್ಮನಿಗೆ ಯುಗಾದಿಯ ನಂತರ ಹೆಣ್ಣು ಗೊತ್ತಾಯಿತು. ಮದುವೆ ಮುಂದಿನ ಬೇಸಿಗೆಗೆ. ನಡುವೆ ಬರುವ ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಸೀರೆ, ಹೂವು, ಸಕ್ಕರೆ ಆರತಿ ಹೋಗಬೇಕು. ಪೇಟೆಯಲ್ಲಿ ಬಣ್ಣ ಬಣ್ಣದವು ರಾಶಿಗಟ್ಟಲೆ ಸಿಗುತ್ತವೆ, ತಂದರಾಯಿತು ಎಂದೆ. ಅವ್ವ ಒಪ್ಪಲಿಲ್ಲ.

"ಪ್ಯಾಟ್ಯಾಗ ಸಿಗೂದು ನನಗೂ ಗೊತ್ತೈತಿ. ನನ್ನ ನಿಶ್ಚಯ ಆದ ವರ್ಷ ನನಗ ಗಂಡನ ಮನಿಯಿಂದ ಬಂದಿದ್ದು ಇದ ಆನಿ. ನನ್ನ ಸೊಸಿಗೂ ಇದ ಹೋಗಬೇಕು" ಎಂದಳು.

"ಹಂಗಾರ ಖಾನಾಪುರಕ್ಕ ಹೋಗಿ ಕೇಳು."

"ಆಕಿನ್ನ ಕೇಳೂದಕ್ಕಿಂತ ಬಾಯಾಗ ಮಣ್ಣ ಹಾಕ್ಕೋತೀನಿ."

ಹೀಗೆ ಹೇಳಿದವಳು ಆ ಮಧ್ಯಾಹ್ನವೆಲ್ಲ ಅರ್ಧ ಆನೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವ್ವ ಅಷ್ಟು ಸುಲಭಕ್ಕೆ ಆಸೆಪಡುವವಳಲ್ಲ.

ನಾನು ಡಿಪ್ಲೊಮಾ ಮುಗಿಸಿ ಉದ್ಯಮಬಾಗದ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದೆ. ಪಂಪುಗಳ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ. ಹೆಂಗಸರು ಆ ವಿಭಾಗದಲ್ಲಿ ನಾನೊಬ್ಬಳೇ. ಕಾರ್ಖಾನೆಯ ಒಂದು ಮೂಲೆಯಲ್ಲಿ ಗಾಜಿನ ಕೋಣೆ. ಅದರೊಳಗೆ ಸಿಎನ್‌ಸಿ ಯಂತ್ರ, ಎಂದರೆ ಕಂಪ್ಯೂಟರ್ ಹೇಳಿದಂತೆ ತಾನೇ ಓಡಾಡಿ ಲೋಹ ಕೊರೆಯುವ ಯಂತ್ರ. ನಾನು ಬರೆದ ಚಿತ್ರ ಒಳಗೆ ಹೋಗುತ್ತಿತ್ತು, ನನಗೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ. ಊಟದ ಬಿಡುವಿನಲ್ಲಿ ಗಾಜಿಗೆ ಮೂಗು ಒತ್ತಿ ನಿಂತು ನೋಡುತ್ತಿದ್ದೆ. ಯಾರ ಕೈಯೂ ಇಲ್ಲದೆ ಅದು ಹೋಗುವುದು, ಬರುವುದು, ಕ್ಷಣ ನಿಂತು ಯೋಚಿಸಿದಂತೆ ಮಾಡಿ ತಿರುಗುವುದು. ನೋಡುತ್ತ ನನಗೆ ಊಟವೇ ನೆನಪಾಗುತ್ತಿರಲಿಲ್ಲ. ಅದೊಂದು ಹುಚ್ಚು ಎಂದು ಬೇಕಾದರೆ ಕರೆಯಿರಿ.

ಅವ್ವನ ಹಲಗೆ ನೋಡಿದ ಮೇಲೆ ತಲೆಯಲ್ಲಿ ಎರಡೂ ಕೂಡಿಕೊಂಡವು. ಇಂಥ ಯಂತ್ರವನ್ನು ಮನೆಯಲ್ಲಿ ಕಟ್ಟಿದರೆ? ಇರುವ ಅರ್ಧವನ್ನು ಅಳೆದು, ಎಡಬಲ ತಿರುಗಿಸಿ, ಇಲ್ಲದ ಅರ್ಧವನ್ನು ಕೆತ್ತಿಸಿದರೆ? ಕಾಲೇಜು ರಸ್ತೆಯ ಇಂಟರ್ನೆಟ್ ಕೆಫೆಯಲ್ಲಿ, ಪ್ಲೈವುಡ್ಡಿನ ಗೂಡಿನಲ್ಲಿ ಕುಳಿತು ಹುಡುಕಿದೆ. ಪುಟ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿದ್ದ ಕಾಲ. ಹಾಗೆ ಇಳಿದುಬಂತು ಯಾವುದೋ ದೇಶದ ಯಾರೋ ಒಬ್ಬನ ಯಂತ್ರ. ತನ್ನ ಕಾರು ನಿಲ್ಲಿಸುವ ಕೋಣೆಯಲ್ಲಿ ಕಟ್ಟಿಗೆ, ಪೈಪು, ಥ್ರೆಡ್ ರಾಡು, ಹಳೆಯ ಮೋಟಾರುಗಳಿಂದ ಅದನ್ನು ಕಟ್ಟಿದ್ದ. ಒಂದೊಂದು ತುಂಡಿನ ನಕ್ಷೆಯನ್ನೂ ಬರೆದು ಎಲ್ಲರಿಗೂ ಬಿಟ್ಟಿದ್ದ. ಯಾರು ಬೇಕಾದರೂ ತೆಗೆದುಕೊಳ್ಳಿ, ಕಟ್ಟಿ, ತಿದ್ದಿ, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಿ ಎಂದು ಕೆಳಗೆ ಬರೆದಿದ್ದ. ನಾನು ಅದನ್ನು ಎರಡೆರಡು ಸಲ ಓದಿದೆ. ಎಷ್ಟು ಜನಕ್ಕೆ ಹಂಚಿದರೂ ಪ್ರತಿಯೊಬ್ಬರಿಗೂ ಇಡಿಯಾಗಿಯೇ ಸಿಗುವ ವಸ್ತು! ಒಂದು ಆನೆಯನ್ನು ನಡುವೆ ಸೀಳಿ ಹಂಚಿಕೊಂಡ ಮನೆಯವಳು ನಾನು. ಆ ಗೂಡಿನಲ್ಲಿ ಕುಳಿತು, ಗುರುತಿಲ್ಲದ ಆ ಮನುಷ್ಯನ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ನಕ್ಷೆಗಳನ್ನು ಪ್ರಿಂಟ್ ತೆಗೆಸಿ ತಂದು ಗೋಡೆಗೆ ಅಂಟಿಸಿದೆ. ಅವನ ಅಳತೆ ಇಂಚಿನದು, ನಮ್ಮದು ಮಿಲಿಮೀಟರು. ಹಳೆಯದೊಂದು ಕಂಪ್ಯೂಟರ್ ಕೊಂಡು ತಂದು ಎಲ್ಲವನ್ನೂ ಹೊಸದಾಗಿ ಬರೆದೆ. ಮೋಟಾರಿಗಾಗಿ ಭಂಗಾರದ, ಎಂದರೆ ಗುಜರಿಯ, ಅಂಗಡಿಗಳನ್ನು ಸುತ್ತಿದೆ. ಆಫೀಸುಗಳು ಎಸೆದ ದೊಡ್ಡ ಪ್ರಿಂಟರುಗಳು ಅಲ್ಲಿ ಬಿದ್ದಿರುತ್ತಿದ್ದವು. ಅಂಗಡಿಯ ಭಾಯಿಗೆ ನನ್ನ ಕೆಲಸ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಕ್ಕಾರ, ಪ್ರಿಂಟರ್ ಬ್ಯಾಡ, ಬರೇ ಅದರ ಮೋಟರ್ ಬೇಕ್ರಿ ನಿಮಗ? ಮೋಟರ್ ತಗೊಂಡ ಏನ್ ಮಾಡ್ತೀರಿ?"

"ಆನಿ ಮಾಡ್ತೀನ್ರಿ."

ಆತ ನನ್ನ ಮುಖ ನೋಡಿ, ಮುಂದೆ ಏನೂ ಕೇಳದೆ, ಸ್ಕ್ರೂಡ್ರೈವರ್ ಹುಡುಕಿಕೊಟ್ಟ. ಅದೇ ಒಳ್ಳೆಯದಾಯಿತು.

ಯಂತ್ರ ಎದ್ದದ್ದು ನಮ್ಮ ಹೊರಗಿನ ಕೋಣೆಯಲ್ಲಿ, ಮಳೆಗಾಲದುದ್ದಕ್ಕೂ. ಬೆಳಗಾವಿಯ ಮಳೆ ಬಿದ್ದು ಹೋಗುವ ಜಾತಿಯದಲ್ಲ. ದಿನಗಟ್ಟಲೆ ಜಿಟಿಜಿಟಿ, ನಡುವೆ ಮಂಜು. ಎದುರು ಮನೆಯ ಗೇಟೂ ಕಾಣದ ಬೆಳಗುಗಳು. ಆ ಮಸುಕಿನಲ್ಲಿ ರವಿವಾರ ಎಂಬುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಕಟ್ಟಿಗೆ ಗೀರುವುದು, ತೂತು ಹಾಕುವುದು, ತಪ್ಪುವುದು, ಬೈದುಕೊಳ್ಳುವುದು. ಶ್ರಾವಣದಲ್ಲಿ ಚೌಕಟ್ಟಿನ ಕಟ್ಟಿಗೆ ನೀರು ಹೀರಿ ಊದಿಕೊಂಡು, ಜಾರಬೇಕಾದ ಭಾಗಗಳೆಲ್ಲ ಕಚ್ಚಿ ನಿಂತವು. ನಕ್ಷೆ ಬರೆದವನ ಊರಿನಲ್ಲಿ ಶ್ರಾವಣ ಇರಲಿಕ್ಕಿಲ್ಲ. ಜಾಂಬೋಟಿಯ ಕಾಡಿನ ಕಡೆಯಿಂದ ಬರುವ ಆ ಒದ್ದೆ ಗಾಳಿ ಅವನಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಬಿಚ್ಚಿ, ಸಂದು ಬಿಟ್ಟು, ಮೇಣ ಹಚ್ಚಿ ಮತ್ತೆ ಕಟ್ಟಿದೆ. ತಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ನನಗ ಮಕ್ಕಳಾಗಿ ಸಾಲಿಗೆ ಹೋಗೂದ್ರಾಗರೆ ಆನಿ ಬರತೈತೇನ?" ಎಂದು ಕೇಳಿದ. ನಟ್ಟು ಬಿಗಿಯಲು ಕೈಯಲ್ಲಿ ಹಿಡಿದಿದ್ದ ಪಾನಾ ಎಸೆಯುವುದೊಂದು ಬಾಕಿ.

ಮೋಟಾರುಗಳು ಮೊದಲ ಸಲ ಕಂಪ್ಯೂಟರಿನ ಮಾತು ಕೇಳಿದ ಮಧ್ಯಾಹ್ನ ಈಗಲೂ ಕಣ್ಣೊಳಗಿದೆ. ಹೊರಗೆ ಮಳೆ. ಅವ್ವ ಒಳಗೆ ಅಡ್ಡಾಗಿದ್ದಳು. ನಾನು ಗುಂಡಿ ಒತ್ತಿದೆ. ಸೊನ್ನೆಗಳು, ಅಂಕಿಗಳು ಪರದೆಯ ಮೇಲೆ ಸರಿದವು; ಮೋಟಾರುಗಳು ಹಾಡಿದವು. ಹಾಡಿದವು ಎಂದೇ ಹೇಳಬೇಕು. ವೇಗ ಬದಲಾದಂತೆ ಅವುಗಳ ಸ್ವರ ಬದಲಾಗುತ್ತಿತ್ತು. ನೇರ ಗೆರೆಗೆ ಒಂದೇ ಎಳೆ. ಓರೆ ಗೆರೆಗೆ ಎರಡು ಸ್ವರ ಕೂಡಿಕೊಳ್ಳುತ್ತಿದ್ದವು. ವೃತ್ತ ಬರೆಯುವಾಗ ಒಂದು ಏರಿ ಇನ್ನೊಂದು ಇಳಿಯುತ್ತಿತ್ತು. ಅವ್ವ ಎದ್ದು ಬಂದು ಹೊಸ್ತಿಲ ಮೇಲೆ ನಿಂತಳು. ಪೆನ್ಸಿಲ್ ಕಟ್ಟಿದ ಯಂತ್ರ ತಾನೇ ಹೋಗಿ ಬಂದು ಕಾಗದದ ಮೇಲೆ ಒಂದು ದುಂಡು ಬರೆಯಿತು. ದುಂಡು ಅಂದರೆ, ನಿಜ ಹೇಳಬೇಕೆಂದರೆ, ಮೊಟ್ಟೆ.

"ಯಾರೂ ಹಿಡದಿಲ್ಲಲ್ಲ ಅದನ್ನ?" ಎಂದಳು ಅವ್ವ.

"ಇಲ್ಲ."

"ಚಲೋ ಐತಿ" ಎಂದು ಅಲ್ಲೇ ಕುಳಿತುಬಿಟ್ಟಳು. ನಾನು ಅವತ್ತು ಪಟ್ಟ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ.

ನವರಾತ್ರಿಯ ಹೊತ್ತಿಗೆ ಮೊಟ್ಟೆ ದುಂಡಾಯಿತು. ಆಮೇಲೆ ಆನೆಯನ್ನು ಅಳೆಯುವ ಕೆಲಸ. ಕೊರೆಯುವ ಮೋಟಾರಿನ ಜಾಗದಲ್ಲಿ ತುದಿ ಮೊಂಡು ಮಾಡಿದ ಒಂದು ದಬ್ಬಣ ಕಟ್ಟಿ, ಅದಕ್ಕೆ ಪ್ರಿಂಟರಿನಿಂದ ಕಿತ್ತ ಸಣ್ಣ ಸ್ವಿಚ್ ಕೂಡಿಸಿದೆ. ದಬ್ಬಣ ಮೆಲ್ಲಗೆ ಇಳಿಯುತ್ತದೆ, ಹಲಗೆಯ ತಗ್ಗಿಗೆ ತಾಗಿದ ಕೂಡಲೇ ಟಕ್ ಎನ್ನುತ್ತದೆ, ಕಂಪ್ಯೂಟರ್ ಆ ಆಳವನ್ನು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಏರಿ, ಕೂದಲೆಳೆಯಷ್ಟು ಸರಿದು, ಮತ್ತೆ ಇಳಿಯುತ್ತದೆ. ಕೋಳಿ ಕಾಳು ಹೆಕ್ಕಿದಂತೆ ಟಕ್, ಟಕ್, ಟಕ್. ಇಡೀ ದಿನದ ಕೆಲಸ ಅದು. ನಡುವೆ ಕರೆಂಟು ಹೋದರೆ ತಾನೆಲ್ಲಿದ್ದೆ ಎಂಬುದನ್ನೇ ಅದು ಮರೆಯುತ್ತಿತ್ತು; ಮತ್ತೆ ಮೊದಲಿನಿಂದ.

ಆ ಟಕ್ ಟಕ್ ಕೇಳುತ್ತ ಎಷ್ಟೋ ಸಲ ನಾನು ಕುರ್ಚಿಯಲ್ಲೇ ತೂಕಡಿಸಿದ್ದೇನೆ. ತೂಕಡಿಕೆಯಲ್ಲಿ ಒಂದೇ ಕನಸು ಬರುತ್ತಿತ್ತು. ಖಾನಾಪುರದ ಮನೆಯ ಕಿಟಕಿ. ಯಾರದೋ ಬಳೆಯ ಕೈ ಸಕ್ಕರೆಯ ಆನೆಯನ್ನು ಬಿಸಿಲಿಗೆ ಹಿಡಿದಿದೆ. ಆನೆ ಒಳಗೆ ಪೊಳ್ಳು, ಗೋಡೆ ತೆಳು, ಬಿಸಿಲು ಅದರೊಳಗೆ ಹೊಕ್ಕು ಹಾಲಿನಂತೆ ನಿಂತಿದೆ. ಆ ಬೆಳಕಿನಲ್ಲಿ, ಹೊಟ್ಟೆಯ ಕೆಳಗೆ, ಸಣ್ಣದೊಂದು ನೆರಳು. ಕೈ ತಿರುಗಿ ಆ ನೆರಳು ಏನೆಂದು ಕಾಣುವಷ್ಟರಲ್ಲಿ ಎಚ್ಚರ. ಕನಸಿಗೆ ಯಾರು ಅರ್ಥ ಹಚ್ಚುತ್ತಾರೆ? ಕಣ್ಣೊರೆಸಿಕೊಂಡು ಯಂತ್ರ ನೋಡುತ್ತಿದ್ದೆ.

ಆಳಗಳೆಲ್ಲ ಕೂಡಿದ ಮೇಲೆ ಎಡವನ್ನು ಬಲ ಮಾಡಿ ಹೊಸ ಸಾಗವಾನಿಯ ತುಂಡು ಕಟ್ಟಿದೆ. ಕೊರೆಯುವ ಮೋಟಾರು ಚೀರಿತು, ಧೂಳು ಎದ್ದಿತು, ಮನೆ ತುಂಬ ಸಾಗವಾನಿಯ ವಾಸನೆ. ಹಪ್ಪಳ, ಹಾಸಿಗೆ, ಅನ್ನ ಎಲ್ಲದರಲ್ಲೂ ಧೂಳು. ಅವ್ವ ಒಮ್ಮೆಯೂ ಗೊಣಗಲಿಲ್ಲ. ಒಲೆಯ ಮುಂದೆ ಕುಳಿತೇ ಸ್ವರ ಕೇಳಿ, "ಈಗ ಸೊಂಡಿ ಬಂತಲ್ಲ?" ಎಂದು ಕೂಗುತ್ತಿದ್ದಳು. ನೋಡಿದರೆ ಹೌದು, ಉಳಿ ಸೊಂಡಿಲಿನ ಬಾಗಿನಲ್ಲಿ ತಿರುಗುತ್ತಿರುತ್ತಿತ್ತು.

ದೀಪಾವಳಿ ಮುಗಿದ ವಾರ ಎರಡೂ ಹಲಗೆಗಳನ್ನು ನೀರಲ್ಲಿ ನೆನೆಹಾಕಿದೆವು. ಒಣ ಹಲಗೆಗೆ ಪಾಕ ಅಂಟಿಕೊಳ್ಳುತ್ತದೆ. ಅವ್ವ ಸಕ್ಕರೆ ಕುದಿಸಿ, ಹಾಲು ಹಾಕಿ ಕೊಳೆ ತೆಗೆದು, ಅಚ್ಚಿಗೆ ಸುರಿದಳು. ಮೊದಲ ಆನೆ ಚಹಾದ ಬಣ್ಣದ್ದಾಯಿತು, ಹೊಸ ಸಾಗವಾನಿ ಬಣ್ಣ ಬಿಟ್ಟಿತ್ತು. ತಮ್ಮ ಅದನ್ನು ಅಲ್ಲಿಯೇ ತಿಂದ. ಮತ್ತೆ ನೆನೆಸಿ, ಮತ್ತೆ ಸುರಿದು, ಕೊನೆಗೆ ಬೆಳ್ಳಗಿನ ಆನೆ ಹೊರಬಿತ್ತು. ಸೊಂಡಿಲಿನ ತುದಿ ಕೂಡ ಮುರಿಯದೆ, ಎರಡು ಮಗ್ಗುಲೂ ಕೂಡಿಕೊಂಡು. ನಾನು ಕುಣಿಯುವುದೊಂದು ಬಾಕಿ. ಅವ್ವ ಅದನ್ನು ಅಂಗೈ ಮೇಲಿಟ್ಟು ಈ ಕಡೆ ನೋಡಿದಳು, ತಿರುಗಿಸಿ ಆ ಕಡೆ ನೋಡಿದಳು, ಮತ್ತೆ ತಿರುಗಿಸಿದಳು.

"ಮರಿ ಎಲ್ಲಿ?" ಎಂದಳು.

"ಯಾವ ಮರಿ?"

"ಆ ಬಾಜೂಕ ಮರಿ ಇರತೈತಿ. ತಾಯಿ ಹೊಟ್ಟಿ ಕೆಳಗ ನಿಂತಿರತೈತಿ."

ಕನಸಿನ ನೆರಳು ಅದು. ಹಳೆಯ ಅಚ್ಚು ಕೆತ್ತಿದವನು ಎರಡು ಮಗ್ಗುಲನ್ನೂ ಒಂದೇ ರೀತಿ ಕೆತ್ತಿರಲಿಲ್ಲ. ಈ ಕಡೆಯಿಂದ ನೋಡಿದರೆ ಒಂಟಿ ಆನೆ, ಆ ಕಡೆಯಿಂದ ನೋಡಿದರೆ ತಾಯಿ ಮತ್ತು ಮರಿ. ನಾನು ಒಂದನ್ನೇ ತಿರುಗಿಸಿ ಎರಡು ಮಾಡಿದ್ದೆ.

"ಇಷ್ಟ ದಿನ ನನ್ನ ಬಾಜೂಕ ಕುಂತಿದ್ಯಲ್ಲ, ಮೊದಲ ಯಾಕ ಹೇಳಲಿಲ್ಲ?" ಎಂದು ಕಿರುಚಿದೆ.

"ನಿನ್ನ ಮಶೀನಿಗೆ ಗೊತ್ತಿರತೈತಿ ಅಂತ ತಿಳಕೊಂಡೆ. ಕಂಪ್ಯೂಟರ ಅಲ್ಲೇನ ಅದು?" ಎಂದಳು ಅವ್ವ.

ಇದಕ್ಕೆ ಏನು ಹೇಳುತ್ತೀರಿ? ಅರ್ಧ ಆನೆಯನ್ನು ಮುಟ್ಟಿ ಮುಟ್ಟಿ ನೋಡಿದ ಯಂತ್ರಕ್ಕೆ ಉಳಿದರ್ಧ ತಾನಾಗಿ ಹೊಳೆಯುತ್ತದೆ ಎಂದು ಅವಳು ನಂಬಿದ್ದಳು. ಸಿಟ್ಟು ಇಳಿದ ಮೇಲೆ ನಗು ಬಂತು. ಅವ್ವ ನಗಲಿಲ್ಲ. ಆನೆಯನ್ನು ತಾಟಿನಲ್ಲಿಟ್ಟು, "ಮಗ್ಗಲಾಗ ಮರಿ ಇಲ್ಲದ ಆನಿ ಹೊಸಾ ಸೊಸಿಗೆ ಹೆಂಗ ಕಳಸಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನ ಕಾರ್ಖಾನೆಗೆ ರಜೆ ಹಾಕಿ, ಮರಿಯಿಲ್ಲದ ಆನೆಯನ್ನು ಹತ್ತಿಯಲ್ಲಿಟ್ಟು ಡಬ್ಬಿಗೆ ಹಾಕಿಕೊಂಡು, ಅವ್ವನಿಗೆ ಹೇಳದೆ ಖಾನಾಪುರದ ಪ್ಯಾಸೆಂಜರ್ ಹತ್ತಿದೆ. ದೇಸೂರು ದಾಟಿದ ಮೇಲೆ ಕಿಟಕಿಯಾಚೆ ಭತ್ತದ ಗದ್ದೆಗಳು ಹಳದಿಯಾಗಿದ್ದವು, ಮೇಲೆ ತೆಳುವಾದ ಮಂಜು. ಗಾಡಿ ಎಷ್ಟು ನಿಧಾನ ಹೋದರೂ ನನಗೆ ಅವಸರವಿರಲಿಲ್ಲ. ದೊಡ್ಡವ್ವನಿಗೆ ಏನೆಂದು ಹೇಳುವುದೋ ಗೊತ್ತಿರಲಿಲ್ಲ.

ದೊಡ್ಡವ್ವನ ಮನೆ ಮೊಮ್ಮಕ್ಕಳಿಂದ ಗಿಜಿಗುಡುತ್ತಿತ್ತು. ಅವಳು ಅಂಗಳದಲ್ಲಿ ಪಕ್ಕದ ಮನೆಯ ಮರಾಠಿ ಅಜ್ಜಿಯ ಜೊತೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನನ್ನನ್ನು ಕಂಡು, "ಬಾ ನಮ್ಮವ್ವ, ಕುಂದ್ರು" ಎಂದಳು, ನಿನ್ನೆಯಷ್ಟೇ ಬಂದು ಹೋದವಳನ್ನು ಕರೆದ ಹಾಗೆ. ನಾನು ಡಬ್ಬಿ ಬಿಚ್ಚಿದೆ. ಅವಳು ಆನೆಯನ್ನು ಎತ್ತಿ, ಬಿಸಿಲಿಗೆ ಹಿಡಿದು, ಬಳೆಯ ಕೈಯನ್ನು ಮೆಲ್ಲಗೆ ತಿರುಗಿಸಿದಳು. ಕನಸಿನ ಕೈ ಯಾರದೆಂದು ಆಗ ಗೊತ್ತಾಯಿತು.

"ಯಾರ ಮಾಡಿದ್ರು ಇದನ್ನ? ಹೊಟ್ಟಿ ಕೆಳಗ ಖಾಲಿ ಐತಲ್ಲ."

ಎಲ್ಲ ಹೇಳಿದೆ. ಯಂತ್ರ, ದಬ್ಬಣ, ತಮ್ಮನ ನಿಶ್ಚಯ, ಅವ್ವನ ಕಣ್ಣೀರು. ದೊಡ್ಡವ್ವ ಒಳಗೆ ಹೋಗಿ ತನ್ನ ಹಲಗೆ ತಂದಳು. ಅದಕ್ಕೂ ಎಣ್ಣೆ ಸವರಿತ್ತು. ಅದರ ತಗ್ಗಿನಲ್ಲಿ, ತಾಯಿಯ ಮುಂಗಾಲಿಗೆ ಒತ್ತಿ, ಹೆಬ್ಬೆರಳಿನಷ್ಟು ಮರಿ.

"ನಾ ಏನ್ ಸುಮ್ಮನ ಇಟ್ಟಿಲ್ಲ. ವರ್ಷಾ ಹಪ್ಪಳ ಲಟ್ಟಿಸೂ ಮಣಿ ಮ್ಯಾಲೆ ಇದನ್ನ ಬ್ವಾರಲ ಹಾಕಿ ಪಾಕ ಹೊಯ್ತೀನಿ. ಅರ್ಧಾ ಆನಿ ಬರತೈತಿ, ಒಂದ ಬಾಜೂ ಸಪಾಟ. ಹುಡುಗೂರು ನಗತಾವ. ನಕ್ಕೋತ ತಿಂತಾವ" ಎಂದಳು. ಆಮೇಲೆ, "ನಿಮ್ಮವ್ವಗ ನಿಶ್ಚಯ ಆದಾಗ ಆನಿ ಮಾಡಿ ಕಳಿಸಿದಾಕಿ ನಾನ. ಕೈ ಸುಟ್ಟಿತ್ತು ನನಗ" ಎಂದು ಬೆರಳಿನ ಒಂದು ಹಳೆಯ ಕಲೆ ತೋರಿಸಿದಳು.

ಹಲಗೆ ಕೊಟ್ಟರೆ ಅಳತೆ ತೆಗೆದು ಎರಡು ದಿನದಲ್ಲಿ ತಿರುಗಿ ತಂದುಕೊಡುತ್ತೇನೆ, ನಿನಗೂ ಒಂದು ಜೋಡಿ ಮಾಡಿಕೊಡುತ್ತೇನೆ ಎಂದೆ. ದೊಡ್ಡವ್ವ ಹಲಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇದು ನನ್ನ ಕೈ ಬಿಟ್ಟು ಹೋಗಂಗಿಲ್ಲ. ಹೋದ್ರ ನನ್ನ ಜೋಡಿ ಹೋಗತೈತಿ."

ಹಲಗೆ ತೆಗೆದುಕೊಂಡು ದೊಡ್ಡವ್ವನೇ ಬರುತ್ತಾಳೆ ಎಂದು ಮನೆಯಲ್ಲಿ ಹೇಳಿದಾಗ ಅವ್ವ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಕಸಬರಿಗೆ ತೆಗೆದುಕೊಂಡು ಸಾಗವಾನಿಯ ಧೂಳು ಗುಡಿಸತೊಡಗಿದಳು. ಆಮೇಲೆ ಡಬ್ಬಿ ತೊಳೆದಳು, ಕಿಟಕಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ರವಿವಾರ ಬೆಳಿಗ್ಗೆ ದೊಡ್ಡವ್ವ ಹಲಗೆಯನ್ನು ಬಗಲಿಗಿಟ್ಟುಕೊಂಡು ಬಂದಾಗ ಅವ್ವ ಬಾಗಿಲ ಚೌಕಟ್ಟಿನ ಕಡೆ ನೋಡುತ್ತ, "ಬರ್ರಿ" ಎಂದಳು. ದೊಡ್ಡವ್ವ ಯಂತ್ರದ ಕಡೆ ನೋಡುತ್ತ, "ಹೂಂ" ಎಂದಳು.

ಹಲಗೆ ಕಟ್ಟಿದೆ, ದಬ್ಬಣ ಇಳಿಯಿತು, ಟಕ್ ಟಕ್ ಶುರುವಾಯಿತು. ಇಬ್ಬರೂ ಗೋಡೆಗೆ ಒರಗಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅದನ್ನೇ ನೋಡುತ್ತ ಕುಳಿತರು. ಮಾತಾಡಿದರೆ ನನ್ನ ಜೊತೆ, ಇಲ್ಲವೇ ಯಂತ್ರದ ಜೊತೆ. "ಭಾಳ ಸಾವಕಾಶ ಐತಿ ಇದು" ಎಂದು ಒಬ್ಬಳು ಯಂತ್ರಕ್ಕೆ ಹೇಳುತ್ತಾಳೆ. "ಅವಸರ ಮಾಡಿದ್ರ ಕೆಡತೈತಿ" ಎಂದು ಇನ್ನೊಬ್ಬಳು ಯಂತ್ರಕ್ಕೇ ಉತ್ತರ ಕೊಡುತ್ತಾಳೆ. ಎಳೆಬಿಸಿಲು ನೆಲದ ಮೇಲೆ ಸರಿಯುತ್ತ ಇಬ್ಬರ ನಡುವಿನ ಜಾಗಕ್ಕೆ ಬಂದು ನಿಂತಿತು. ಹಾಗೇ ಎಷ್ಟು ಹೊತ್ತು ಕಳೆಯಿತೋ. ದಬ್ಬಣ ಮರಿಯ ಬೆನ್ನಿಗೆ ಬಂದಿತ್ತು, ಕರೆಂಟು ಹೋಯಿತು.

ಮನೆ ಸುಮ್ಮನಾಯಿತು. ನೋಡಲು ಏನೂ ಇರಲಿಲ್ಲ, ಮಾತಾಡಿಸಲು ಯಂತ್ರವೂ ಇರಲಿಲ್ಲ. ನಾನು ಕರೆಂಟಿನವರಿಗೆ ಶಾಪ ಹಾಕುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಅವ್ವ ಕೆಮ್ಮಿದಳು.

"ಅಕ್ಕಾ, ನಿಮಗ ಇನ್ನೂ ಬೆಲ್ಲದ ಚಹಾನ ಆಗಬೇಕೇನ್ರಿ?"

ಎಷ್ಟೋ ವರ್ಷಗಳ ಮೇಲೆ ಬಂದ ಆ "ಅಕ್ಕಾ" ಕೇಳಿ ನಾನು ಶಾಪ ಹಾಕುವುದನ್ನು ಬಿಟ್ಟೆ.

"ಹೂಂ. ಯಾಲಕ್ಕಿ ಹಾಕಬ್ಯಾಡ" ಎಂದಳು ದೊಡ್ಡವ್ವ.

"ಗೊತ್ತೈತ್ರಿ" ಎಂದಳು ಅವ್ವ.

ನಾನು ಅಂಗಳಕ್ಕೆ ಹೋಗಿ ಹಾಗೇ ನಿಂತುಕೊಂಡೆ. ಒಳಗಿನಿಂದ ಮೊದಲು ಚಹಾದ ಕಪ್ಪು-ಬಸಿಗಳ ಸದ್ದು, ಆಮೇಲೆ ಮಾತು, ಆಮೇಲೆ ಯಾರೋ ಅಳುವುದು, ಯಾರೋ ಬೈಯುವುದು, ಮತ್ತೆ ಮಾತು. ಕರೆಂಟು ಬಂದಾಗ ಒಳಗೆ ಹೋದರೆ ಯಂತ್ರದ ಮೇಲೆ ಹಲಗೆ ಇರಲಿಲ್ಲ. ಅಡುಗೆಕೋಣೆಯ ಬಕೀಟಿನಲ್ಲಿ ಎರಡೂ ಹಳೆಯ ಹಲಗೆ ಒಂದರ ಮೇಲೊಂದು ನೆನೆಯುತ್ತಿದ್ದವು. ಒದ್ದೆ ಕಟ್ಟಿಗೆಯ ಅಳತೆ ತೆಗೆಯಲು ಬರುವುದಿಲ್ಲ, ಊದಿರುತ್ತದೆ. ನನ್ನ ಅರ್ಧ ದಿನದ ಕೆಲಸ ಕರೆಂಟಿನ ಪಾಲಾಗಿತ್ತು, ಉಳಿದರ್ಧ ಈಗ ನೀರು ಪಾಲು. ಬಾಯಿಗೆ ಬಂದದ್ದು ಅಂದೆ. ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಒಬ್ಬಳು ದಾರ ಹುಡುಕುತ್ತಿದ್ದಳು, ಇನ್ನೊಬ್ಬಳು ಪಾಕ ತಿರುವುತ್ತಿದ್ದಳು. ಹಲಗೆಗಳು ಕೂಡಿದಾಗ ನಡುವೆ ಗೆರೆಯೂ ಕಾಣಲಿಲ್ಲ. ದೊಡ್ಡವ್ವ ಹಿಡಿದಳು, ಅವ್ವ ಸುರಿದಳು. ಬಿಚ್ಚಿದಾಗ ತಾಯಿಯ ಕೆಳಗೆ ಮರಿ ನಿಂತಿತ್ತು. ಅದನ್ನು ಕಿಟಕಿಗೆ ಹಿಡಿದು ಇಬ್ಬರೂ ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಹುಣ್ಣಿಮೆಗೆ ಆ ಆನೆಯೇ ತಮ್ಮನ ಬೀಗರ ಮನೆಗೆ ಹೋಯಿತು. ದೊಡ್ಡವ್ವ ಅಲ್ಲಿಯತನಕ ನಮ್ಮಲ್ಲೇ ಉಳಿದಳು. ಹಲಗೆ ಒಣಗಿದ ಮೇಲೆ ನಾನು ಹಟದಿಂದ ಮತ್ತೆ ಅಳೆದು ಮುಗಿಸಿದೆ. ಎರಡೂ ಮಗ್ಗುಲಿನ ಅಂಕಿಗಳೂ ನನ್ನ ಫ್ಲಾಪಿಯಲ್ಲಿದ್ದವು. ಇನ್ನು ಇಬ್ಬರಿಗೂ ಒಂದೊಂದು ಇಡೀ ಜೋಡಿ. ನಕ್ಷೆ ಕೊಟ್ಟವನ ಹಾಗೆ ನಾನೂ ಹಂಚುವವಳಾದೆ ಎಂದು ಬೀಗುತ್ತ ಸಾಗವಾನಿಯ ತುಂಡು ಕತ್ತರಿಸಿಟ್ಟೆ.

ದೊಡ್ಡವ್ವ ಸ್ನಾನಕ್ಕೆ ಹೋದಾಗ ಅವ್ವ ನನ್ನನ್ನು ಮೂಲೆಗೆ ಎಳೆದಳು.

"ಕೊರಿಬ್ಯಾಡ. ಮಶೀನ್ ಕೆಟ್ಟೈತಿ ಅಂತ ಹೇಳು ಆಕಿಗೆ. ಎರಡೂ ಹಲಗಿ ಕೈಯಾಗ ಇದ್ರ ಮುಂದಿನ ವರ್ಷ ಯಾಕ ಬರ್ತಾಳ?"

ಯಂತ್ರ ಕೆಟ್ಟಿದೆ ಎಂದು! ಒಂದು ಮಳೆಗಾಲ ಪೂರ್ತಿ ನನ್ನ ಕೈ ಕಿತ್ತುಹೋಗುವಂತೆ ಕಟ್ಟಿದ ಯಂತ್ರ. ನನಗೆ ಉರಿದುಹೋಯಿತು. ಆದರೆ ಅವ್ವನ ಮುಖ ನೋಡಿ ಹೂಂ ಎಂದೆ.

ದೊಡ್ಡವ್ವನನ್ನು ಬಿಡಲು ಸ್ಟೇಶನ್ನಿಗೆ ಹೋದೆ. ಕಿಟಕಿಯ ಪಕ್ಕ ಕುಳಿತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಡಿ ಸಿಳ್ಳೆ ಹಾಕಿದ ಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಯಂತ್ರ ಕೆಟ್ಟಿದೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ನೀ ಜಾಣಿ ಇದ್ದಿ, ಮಾಡತಿ, ನನಗ ಗೊತ್ತೈತಿ. ಆದ್ರ ಅಷ್ಟ ಲಗೂ ಮಾಡಬ್ಯಾಡ. ನಿಮ್ಮವ್ವ ಕೇಳಿದ್ರ ಮಶೀನ್ ಕೆಟ್ಟೈತಿ ಅನ್ನು."

ಗಾಡಿ ಹೊರಟಿತು. ನಾನು ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳೇ ನಿಂತು ನಗುತ್ತಿದ್ದೆನೋ ಅಳುತ್ತಿದ್ದೆನೋ, ಚಹಾ ಮಾರುವವನು ತಿರುಗಿ ತಿರುಗಿ ನೋಡುತ್ತ ಹೋದ. ನಕ್ಷೆ ಹಂಚಿದ ಆ ದೂರದ ಮನುಷ್ಯನಿಗೆ ಮಾತ್ರ ಕೆಫೆಯಿಂದ ಖರೇ ಬರೆದು ಹಾಕಿದೆ: ಯಂತ್ರ ಬಹಳ ಚೆನ್ನಾಗಿ ನಡೆಯುತ್ತಿದೆ, ಮಳೆಗಾಲದಲ್ಲಿ ಸಂದು ತುಸು ಹೆಚ್ಚು ಬಿಡಬೇಕು ಎಂದು.

ಆಮೇಲೆ ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ದೊಡ್ಡವ್ವ ಹಲಗೆಯೊಂದಿಗೆ ಬಂದಿಳಿಯುತ್ತಿದ್ದಳು. ಕಾಲು ತೊಳೆದು ಒಳಗೆ ಬಂದವಳು ಅವ್ವನಿಗೆ ಕೇಳಿಸುವ ಹಾಗೆ ನನ್ನನ್ನು ಕೇಳುತ್ತಿದ್ದಳು:

"ಏನವಾ, ಮಶೀನ್ ದುರಸ್ತಿ ಆತೇನ?"

"ಇಲ್ಲ ದೊಡ್ಡವ್ವ, ಇನ್ನೂ ಆಗಿಲ್ಲ" ಎನ್ನುತ್ತಿದ್ದೆ.

"ಅದರ ಸಾಮಾನ ಸಿಗವಲ್ತಂತ್ರಿ ಅಕ್ಕಾ" ಎಂದು ಅವ್ವ ಒಳಗಿನಿಂದ ಚಹಾ ತರುತ್ತಿದ್ದಳು.

ಹೊರಗಿನ ಕೋಣೆಯಲ್ಲಿ ಯಂತ್ರ ಯಾರದೋ ಮನೆಯ ನಾಮಫಲಕ ಕೊರೆಯುತ್ತ ಹಾಡುತ್ತಿರುತ್ತಿತ್ತು. ಅದರ ಸದ್ದಿಗೆ ಇಬ್ಬರೂ ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತಿತ್ತು.